ಟೆಸ್ಟ್‌ನಲ್ಲಿ ಎರಡು ಗೆರೆ ಬಂದ ಮೇಲೆ: ಮೊದಲ ಕೆಲಸಗಳು, ಮುಂದಿನ ದಾರಿಗಳು

"ಟೆಸ್ಟ್ ಪಾಸಿಟಿವ್ ಬಂದಿದೆ, ಈಗ ಏನು ಮಾಡಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಕೇಳುವವರಲ್ಲಿ ಎಲ್ಲ ಥರದವರೂ ಇದ್ದಾರೆ. ವರ್ಷಗಟ್ಟಲೆ ಕಾದವರು, ಸದ್ಯಕ್ಕೆ ಬೇಡವೇ ಬೇಡ ಅಂದುಕೊಂಡಿದ್ದವರು, ಆಗಿರುವುದು ಖುಷಿಯೋ ಭಯವೋ ಅಂತ ತಮಗೇ ತಿಳಿಯದೆ ಕೂತವರು. ಯಾರೇ ಆಗಲಿ, ಮೊದಲ ವಾರದ ಕೆಲಸ ಮಾತ್ರ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಮುಂದುವರಿಸಬೇಕಾ ಬೇಡವಾ ಅನ್ನುವುದನ್ನು ಇವತ್ತೇ ತೀರ್ಮಾನ ಮಾಡಬೇಕಾಗಿಲ್ಲ. ಈಗ ಬೇಕಾಗಿರುವುದು ಮೂರೇ ಮೂರು ಮಾಹಿತಿ: ಗರ್ಭ ನಿಂತಿರುವುದು ಖಾತ್ರಿಯಾ, ಎಷ್ಟು ವಾರ ಆಗಿದೆ, ಅದು ಗರ್ಭಕೋಶದ ಒಳಗೇ ಇದೆಯಾ. ಈ ಮೂರು ಗೊತ್ತಿಲ್ಲದೆ ರಾತ್ರಿಯೆಲ್ಲ ಯೋಚನೆ ಮಾಡಿದರೆ ತಲೆ ಕೆಡುತ್ತದೆ ಅಷ್ಟೆ. ಹಾಗಂತ "ನೋಡೋಣ, ಮುಂದಿನ ತಿಂಗಳು" ಅಂತ ಪಕ್ಕಕ್ಕಿಡುವ ವಿಷಯವೂ ಅಲ್ಲ. ಯಾವ ಪರೀಕ್ಷೆ ಯಾವಾಗ, ಯಾವ ದಾರಿ ಎಲ್ಲಿಯವರೆಗೆ ತೆರೆದಿರುತ್ತದೆ, ಯಾವುದು ಸುಲಭ ಯಾವುದು ಕಷ್ಟ ಅನ್ನುವುದೆಲ್ಲ ವಾರದ ಲೆಕ್ಕದ ಮೇಲೇ ನಿಂತಿದೆ.

ಶುರು ಮಾಡುವ ಮುಂಚೆ ಒಂದು ಹಾಳೆಯಲ್ಲೋ ಫೋನಿನಲ್ಲೋ ಇಷ್ಟು ಬರೆದುಕೊಳ್ಳಿ: ಕಳೆದ ಮುಟ್ಟು ಶುರುವಾದ ದಿನ, ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಹೆಸರು (ವಿಟಮಿನ್, ನಾಟಿ ಔಷಧಿ ಸೇರಿ), ಗೊತ್ತಿದ್ದರೆ ರಕ್ತದ ಗುಂಪು, ಹಿಂದಿನ ಆಪರೇಷನ್‌ಗಳು, ಹಿಂದಿನ ಗರ್ಭಧಾರಣೆಗಳು ಏನಾದವು ಅನ್ನುವುದು. ಡಾಕ್ಟರು ಕೇಳುವುದೇ ಇವನ್ನು. ಅಲ್ಲಿ ಕೂತಾಗ ಗಾಬರಿಯಲ್ಲಿ ಒಂದೂ ನೆನಪಿಗೆ ಬರುವುದಿಲ್ಲ.

1. ಟೆಸ್ಟ್ ಸರಿಯಾಗಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ

ಮನೆಯಲ್ಲಿ ಮಾಡುವ ಕಿಟ್ ಹುಡುಕುವುದು ಎಚ್‌ಸಿಜಿ ಎಂಬ ಹಾರ್ಮೋನನ್ನು. ಗರ್ಭ ಕಟ್ಟಿದ ಮೇಲೆ ಅದು ರಕ್ತಕ್ಕೆ, ಅಲ್ಲಿಂದ ಮೂತ್ರಕ್ಕೆ ಬರುತ್ತದೆ. ಶುರುವಿನ ವಾರಗಳಲ್ಲಿ ಎರಡು ಮೂರು ದಿನಕ್ಕೊಮ್ಮೆ ಸುಮಾರು ದುಪ್ಪಟ್ಟಾಗುತ್ತಾ ಹೋಗುತ್ತದೆ. ಮುಟ್ಟು ತಪ್ಪಿದ ದಿನದಿಂದ ಟೆಸ್ಟ್ ಮಾಡಬಹುದು. ಬೆಳಗ್ಗೆ ಎದ್ದ ತಕ್ಷಣದ ಮೂತ್ರ ಗಟ್ಟಿಯಾಗಿರುವುದರಿಂದ ಅದೇ ಒಳ್ಳೆಯದು.

ಗೆರೆ ಎಷ್ಟೇ ಮಸುಕಾಗಿದ್ದರೂ, ಕಿಟ್ ಹೇಳಿದ ಸಮಯದ ಒಳಗೆ ಬಣ್ಣದ ಗೆರೆ ಬಂದಿದ್ದರೆ ಅದು ಪಾಸಿಟಿವ್ ಅಂತಲೇ ಲೆಕ್ಕ. ಆದರೆ ಕಿಟ್ಟನ್ನು ಬಚ್ಚಲ ಗೂಡಲ್ಲಿ ಬಿಟ್ಟು, ಅರ್ಧ ಗಂಟೆ ಆದ ಮೇಲೆ ಮತ್ತೆ ಹೋಗಿ ನೋಡಿದಾಗ ಕಾಣುವ ಬೂದು ಗೆರೆಯನ್ನು ನಂಬಬೇಡಿ. ಮೂತ್ರ ಆರಿದ ಮೇಲೆ ಉಳಿಯುವ ಕಲೆ ಅದು. ಅನುಮಾನ ಇದ್ದರೆ ಎರಡು ಮೂರು ದಿನ ಬಿಟ್ಟು ಹೊಸ ಕಿಟ್‌ನಲ್ಲಿ ಮಾಡಿ. ನೆಗೆಟಿವ್ ಬಂದು ಮುಟ್ಟೂ ಆಗದಿದ್ದರೆ ಒಂದು ವಾರ ಬಿಟ್ಟು ಮತ್ತೊಮ್ಮೆ ಮಾಡಿ. ಡಾಕ್ಟರ ಹತ್ತಿರ ರಕ್ತ ಪರೀಕ್ಷೆಯನ್ನೂ ಮಾಡಿಸಬಹುದು.

ಪಾಸಿಟಿವ್ ಸುಳ್ಳಾಗುವುದು ಅಪರೂಪ. ಇತ್ತೀಚೆಗೆ ಹೆರಿಗೆ ಅಥವಾ ಗರ್ಭಪಾತ ಆಗಿದ್ದರೆ, ಮಕ್ಕಳಾಗುವ ಚಿಕಿತ್ಸೆಯಲ್ಲಿ ಎಚ್‌ಸಿಜಿ ಇಂಜೆಕ್ಷನ್ ಕೊಟ್ಟಿದ್ದರೆ ಹಾಗಾಗಬಹುದು. ಆಂಟಿಬಯಾಟಿಕ್, ನೋವಿನ ಮಾತ್ರೆ, ಗರ್ಭನಿರೋಧಕ ಮಾತ್ರೆ ತಿಂದದ್ದಕ್ಕೆ ಹೀಗೆ ಬಂದಿರಬಹುದು ಅಂತ ಸಮಾಧಾನ ಮಾಡಿಕೊಳ್ಳಬೇಡಿ, ಅವುಗಳಿಂದ ಗೆರೆ ಮೂಡುವುದಿಲ್ಲ. ಇನ್ನೊಂದು ವಿಷಯ, ಹತ್ತು ಕಿಟ್ ತಂದು ದಿನಾ ಮಾಡಿ ಗೆರೆಯ ಬಣ್ಣ ಹೋಲಿಸುತ್ತಾ ಕೂರುವವರಿದ್ದಾರೆ. ಸುಮ್ನೆ ದುಡ್ಡು ದಂಡ. ಗೆರೆ ಗಾಢವಾಗಿದೆ ಅಂದ ಮಾತ್ರಕ್ಕೆ ಎಷ್ಟು ವಾರ ಅಂತಾಗಲಿ, ಎಲ್ಲ ಸರಿಯಿದೆ ಅಂತಾಗಲಿ ಹೇಳಲು ಬರುವುದಿಲ್ಲ.

2. ಎಷ್ಟು ವಾರ ಅಂತ ಲೆಕ್ಕ ಹಾಕಿ

ಜನ ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ನಿಧಾನವಾಗಿ ಓದಿ.

ಗರ್ಭದ ವಾರಗಳನ್ನು ಎಣಿಸುವುದು ಜೊತೆಗೂಡಿದ ದಿನದಿಂದ ಅಲ್ಲ, ಮುಟ್ಟು ತಪ್ಪಿದ ದಿನದಿಂದಲೂ ಅಲ್ಲ. ಕಳೆದ ಮುಟ್ಟು ಶುರುವಾದ ಮೊದಲ ದಿನದಿಂದ. ಉದಾಹರಣೆಗೆ ನಿಮ್ಮ ಕಳೆದ ಮುಟ್ಟು ಮಾರ್ಚ್ 3ಕ್ಕೆ ಶುರುವಾಗಿದ್ದು, ಏಪ್ರಿಲ್ 7ಕ್ಕೆ ಟೆಸ್ಟ್ ಮಾಡಿದ್ದೀರಿ ಅಂದುಕೊಳ್ಳಿ. 35 ದಿನ, ಅಂದರೆ ಸರಿಯಾಗಿ 5 ವಾರ. ಆದರೆ 28 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನ. ಹಾಗಾಗಿ ಗರ್ಭ ನಿಜವಾಗಿ ನಿಂತು ಮೂರು ವಾರ ಆಗಿರುತ್ತದೆ ಅಷ್ಟೆ.

ಈ ಎರಡು ವಾರದ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟು ಮನೆಗಳಲ್ಲಿ ಜಗಳ ಆಗಿದೆಯೋ! "ಊರಿಂದ ನಾನು ಬಂದೇ ಮೂರು ವಾರ, ಸ್ಕ್ಯಾನ್‌ನಲ್ಲಿ ಐದು ವಾರ ಅಂತ ಬಂದಿದೆ, ಹೇಗೆ?" ಅಂತ ಕೇಳುವ ಗಂಡಸರಿಗೆ ಉತ್ತರ ಇದೇ. ಸ್ಕ್ಯಾನ್ ರಿಪೋರ್ಟ್ ಕೂಡ ಇದೇ ಪದ್ಧತಿಯಲ್ಲಿ ವಾರ ಬರೆಯುತ್ತದೆ.

ಹೆರಿಗೆಯ ಅಂದಾಜು ದಿನ ಬೇಕಿದ್ದರೆ ಕಳೆದ ಮುಟ್ಟಿನ ಮೊದಲ ದಿನಕ್ಕೆ 7 ದಿನ ಕೂಡಿಸಿ, ಮೂರು ತಿಂಗಳು ಹಿಂದಕ್ಕೆ ಹೋಗಿ. ಮಾರ್ಚ್ 3 ಆದರೆ ಡಿಸೆಂಬರ್ 10. ಒಟ್ಟು ಸುಮಾರು 280 ದಿನ, 40 ವಾರ. ಜರ್ಮನಿಯ ಪ್ರಸೂತಿ ವೈದ್ಯ ನೇಗೆಲೆ ಹೆಸರಿನಲ್ಲಿ ನಡೆದುಬಂದ ಸೂತ್ರ ಇದು, ಡಾಕ್ಟರುಗಳು ಈಗಲೂ ಬಳಸುತ್ತಾರೆ.

ಈ ಲೆಕ್ಕ ಕೈಕೊಡುವ ಸಂದರ್ಭಗಳೂ ಇವೆ. ಮುಟ್ಟು ಏರುಪೇರಾಗುವವರು, ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ಕ್ರಮ ತಪ್ಪುವ ತೊಂದರೆ) ಇರುವವರು, ಎದೆಹಾಲು ಕುಡಿಸುತ್ತಿರುವವರು, ಗರ್ಭನಿರೋಧಕ ಮಾತ್ರೆ ಈಗಷ್ಟೇ ಬಿಟ್ಟವರು ಇದನ್ನು ನಂಬಿ ಕೂರಬಾರದು. ಇನ್ನೂ ಮೋಸ ಮಾಡುವುದು ಅಂದರೆ, ಗರ್ಭ ನಿಂತ ಶುರುವಿನಲ್ಲಿ ಕೆಲವರಿಗೆ ಸ್ವಲ್ಪ ರಕ್ತ ಕಾಣುತ್ತದೆ. ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಂಡ ಮೇಲೂ ಕಾಣಬಹುದು. ಅದನ್ನೇ ಮುಟ್ಟು ಅಂದುಕೊಂಡು ಎಣಿಸಿದರೆ ನಾಲ್ಕು ವಾರ ಲೆಕ್ಕ ತಪ್ಪುತ್ತದೆ. "ಈ ಸಲ ಮುಟ್ಟು ಒಂದೇ ದಿನ, ಸ್ವಲ್ಪವೇ ಹೋಯಿತು" ಅನಿಸಿದ್ದರೆ ಅದರ ಹಿಂದಿನ ಮುಟ್ಟಿನ ದಿನಾಂಕವನ್ನೂ ಬರೆದಿಟ್ಟುಕೊಂಡು ಡಾಕ್ಟರಿಗೆ ಎರಡನ್ನೂ ಹೇಳಿ. ಕೊನೆಗೆ ಖಚಿತವಾಗಿ ಹೇಳುವುದು ಸ್ಕ್ಯಾನ್. ಅದರಲ್ಲೂ ಮೊದಲ ಮೂರು ತಿಂಗಳ ಸ್ಕ್ಯಾನ್ ಕೆಲವೇ ದಿನಗಳ ಆಚೀಚೆಯಲ್ಲಿ ವಾರ ಹೇಳುತ್ತದೆ. ತಡವಾದಷ್ಟೂ ಆ ಅಂದಾಜು ಸಡಿಲವಾಗುತ್ತದೆ.

3. ತಕ್ಷಣ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು ಗೊತ್ತಿರಲಿ

ಇದನ್ನು ಕೊನೆಗೆ ಇಡದೆ ಇಲ್ಲೇ ಹಾಕಿದ್ದಕ್ಕೆ ಕಾರಣ ಇದೆ. 100 ಗರ್ಭಗಳಲ್ಲಿ ಒಂದೋ ಎರಡೋ ಗರ್ಭಕೋಶದ ಹೊರಗೆ, ಸಾಮಾನ್ಯವಾಗಿ ಅಂಡನಾಳದಲ್ಲಿ ಬೆಳೆಯುತ್ತವೆ. ಇದಕ್ಕೆ ಎಕ್ಟೋಪಿಕ್ ಅನ್ನುತ್ತಾರೆ. ಅದು ಮಗುವಾಗಿ ಬೆಳೆಯಲು ಸಾಧ್ಯವೇ ಇಲ್ಲ, ನಾಳ ಒಡೆದರೆ ಒಳಗೇ ರಕ್ತ ಸೋರಿ ತಾಯಿಯ ಜೀವಕ್ಕೆ ಕುತ್ತು ಬರುತ್ತದೆ. ಟೆಸ್ಟ್ ಕಿಟ್‌ನಲ್ಲಿ ಮಾತ್ರ ಬೇರೆ ಎಲ್ಲರ ಹಾಗೇ ಎರಡು ಗೆರೆ ಬರುತ್ತದೆ.

ಕೆಳಹೊಟ್ಟೆಯಲ್ಲಿ, ಅದರಲ್ಲೂ ಒಂದೇ ಪಕ್ಕದಲ್ಲಿ ಬಿಡದ ನೋವು; ಭುಜದ ತುದಿಯಲ್ಲಿ ವಿಚಿತ್ರ ನೋವು; ತಲೆಸುತ್ತು, ಕಣ್ಣು ಕತ್ತಲೆ ಬರುವುದು; ಈ ನೋವು, ತಲೆಸುತ್ತಿನ ಜೊತೆಗೆ ರಕ್ತ ಕಾಣುವುದು. ಇವುಗಳಲ್ಲಿ ಯಾವುದೇ ಇದ್ದರೂ ಬೆಳಗಾಗಲಿ ಅಂತ ಕಾಯಬೇಡಿ, ಗ್ಯಾಸ್ ಇರಬೇಕು ಅಂತ ಮಾತ್ರೆ ನುಂಗಬೇಡಿ, ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೇ ಹೋಗಿ, ಹೋದ ಕೂಡಲೇ "ಪ್ರೆಗ್ನೆನ್ಸಿ ಟೆಸ್ಟ್ ಪಾಸಿಟಿವ್ ಇದೆ" ಅಂತ ಮೊದಲು ಹೇಳಿ. ಭುಜದ ನೋವನ್ನು ಎಲ್ಲರೂ ಕಡೆಗಣಿಸುತ್ತಾರೆ. ಹೊಟ್ಟೆಯೊಳಗೆ ಸೋರಿದ ರಕ್ತ ವಪೆಯನ್ನು (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪೊರೆ) ಕೆರಳಿಸಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ.

ಕಾಪರ್-ಟಿ ಹಾಕಿಸಿಕೊಂಡಿದ್ದೂ ಗರ್ಭ ನಿಂತಿದ್ದರೆ, ಮಕ್ಕಳಾಗದ ಆಪರೇಷನ್ ಆದ ಮೇಲೂ ನಿಂತಿದ್ದರೆ, ಹಿಂದೆ ಒಮ್ಮೆ ಎಕ್ಟೋಪಿಕ್ ಆಗಿದ್ದರೆ, ಅಂಡನಾಳದ ಸೋಂಕು ಆಗಿದ್ದರೆ ಈ ಅಪಾಯ ಜಾಸ್ತಿ. ಅಂಥವರು ನೋವಿಲ್ಲದಿದ್ದರೂ ಬೇಗ ಸ್ಕ್ಯಾನ್ ಮಾಡಿಸಬೇಕು.

ಮೊದಲ ತಿಂಗಳುಗಳಲ್ಲಿ ಸ್ವಲ್ಪ ರಕ್ತ ಕಾಣುವುದು ಸಾಮಾನ್ಯ, ನಾಲ್ವರಲ್ಲಿ ಒಬ್ಬರಿಗೆ ಆಗುತ್ತದೆ, ಅಷ್ಟಕ್ಕೇ ಎಲ್ಲ ಮುಗಿಯಿತು ಅಂತಲ್ಲ. ಆದರೂ ಡಾಕ್ಟರಿಗೆ ಫೋನ್ ಮಾಡಿ ತಿಳಿಸಿ. ಪ್ಯಾಡ್ ಮೇಲೆ ಪ್ಯಾಡ್ ನೆನೆಯುವಷ್ಟು ಹೋದರೆ, ಜ್ವರ ಬಂದರೆ, ಒಂದು ದಿನ ಪೂರ್ತಿ ಕುಡಿದ ನೀರೂ ವಾಂತಿಯಾಗಿ ಮೂತ್ರ ಕಡಿಮೆಯಾದರೆ ಫೋನಿನಲ್ಲಿ ಮುಗಿಸಬೇಡಿ, ಹೋಗಿ ತೋರಿಸಿ.

4. ಏನೂ ತೀರ್ಮಾನ ಆಗದಿದ್ದರೂ ಇವತ್ತಿನಿಂದಲೇ ಮಾಡಬಹುದಾದ್ದು

ಮುಂದುವರಿಸುತ್ತೀರೋ ಇಲ್ಲವೋ ಗೊತ್ತಿಲ್ಲದಿದ್ದರೂ ಮುಂದುವರಿಸುವವರ ಹಾಗೆ ನಡೆದುಕೊಳ್ಳುವುದು ಜಾಣತನ. ನಷ್ಟ ಏನೂ ಇಲ್ಲ ಅಲ್ವಾ?

ಫೋಲಿಕ್ ಆಸಿಡ್ ಶುರು ಮಾಡಿ, ದಿನಕ್ಕೆ 400 ಮೈಕ್ರೋಗ್ರಾಂ. ಮಗುವಿನ ಮೆದುಳು, ಬೆನ್ನುಹುರಿ ಆಗುವ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತು ನಾಲ್ಕು ವಾರದ ಒಳಗೆ, ಅಂದರೆ ಮುಟ್ಟಿನ ಲೆಕ್ಕದಲ್ಲಿ ಆರನೇ ವಾರಕ್ಕೆ. ಬಹಳಷ್ಟು ಜನಕ್ಕೆ ವಿಷಯ ಗೊತ್ತಾಗುವ ಹೊತ್ತಿಗೆ ಐದನೇ ವಾರ ನಡೆಯುತ್ತಿರುತ್ತದೆ, ಹಾಗಾಗಿ "ಡಾಕ್ಟರನ್ನು ನೋಡಿದ ಮೇಲೆ ಶುರು ಮಾಡೋಣ" ಅಂದರೆ ತಡ. ಸಕ್ಕರೆ ಕಾಯಿಲೆ ಇರುವವರಿಗೆ, ಮೂರ್ಛೆ ರೋಗದ ಮಾತ್ರೆ ತೆಗೆದುಕೊಳ್ಳುವವರಿಗೆ, ಹಿಂದಿನ ಮಗುವಿಗೆ ಬೆನ್ನುಹುರಿಯ ತೊಂದರೆ ಆಗಿದ್ದವರಿಗೆ ಇದರ ಹತ್ತು ಪಟ್ಟು ಪ್ರಮಾಣ ಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು.

ಮದ್ಯ, ಸಿಗರೇಟು, ತಂಬಾಕು ನಿಲ್ಲಿಸಿ. ನೋವಿಗೆ, ಜ್ವರಕ್ಕೆ ಐಬುಪ್ರೊಫೆನ್ ಥರದ್ದು ಬೇಡ, ಪ್ಯಾರಸಿಟಮಾಲ್ ಸಾಕು.

ಈಗಾಗಲೇ ನಡೆಯುತ್ತಿರುವ ಮಾತ್ರೆಗಳ ವಿಷಯದಲ್ಲಿ ಎರಡು ಥರದ ತಪ್ಪು ಆಗುತ್ತದೆ. ಕೆಲವರು ಏನೂ ಕೇಳದೆ ಮುಂದುವರಿಸುತ್ತಾರೆ. ಮೊಡವೆಗೆ ಕೊಡುವ ಐಸೊಟ್ರೆಟಿನೊಯಿನ್, ಮೂರ್ಛೆಗೆ ಕೊಡುವ ವಾಲ್‌ಪ್ರೊಯೇಟ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ರಕ್ತ ತೆಳುಮಾಡುವ ವಾರ್ಫರಿನ್, ಹೆಸರಿನ ಕೊನೆಗೆ "ಪ್ರಿಲ್" ಅಂತ ಬರುವ ಬಿಪಿ ಮಾತ್ರೆಗಳು, ಇವು ಭ್ರೂಣಕ್ಕೆ ಹಾನಿ ಮಾಡಬಲ್ಲವು. ಅದೇ ದಿನ ಡಾಕ್ಟರಿಗೆ ಫೋನ್ ಮಾಡಬೇಕು. ಇನ್ನು ಕೆಲವರು ಹೆದರಿ ಎಲ್ಲವನ್ನೂ ಒಂದೇ ಸಲ ಬಿಟ್ಟುಬಿಡುತ್ತಾರೆ. ಮೂರ್ಛೆ, ಸಕ್ಕರೆ, ಬಿಪಿ, ಥೈರಾಯ್ಡ್, ಖಿನ್ನತೆಯ ಮಾತ್ರೆ ದಿಢೀರ್ ಅಂತ ನಿಲ್ಲಿಸಿದರೆ ಆಗುವ ಅನಾಹುತ ಮಾತ್ರೆಗಿಂತ ದೊಡ್ಡದಿರಬಹುದು. ಥೈರಾಯ್ಡ್ ಮಾತ್ರೆಯನ್ನಂತೂ ಗರ್ಭ ನಿಂತ ಮೇಲೆ ಎಷ್ಟೋ ಜನಕ್ಕೆ ಜಾಸ್ತಿ ಮಾಡಬೇಕಾಗುತ್ತದೆ. ಕೇಳಿ, ಬದಲಾಯಿಸಿ. ನೀವಾಗಿಯೇ ಬಿಡಬೇಡಿ.

"ಗೊತ್ತಿಲ್ಲದೆ ತುರ್ತು ಮಾತ್ರೆ ತಿಂದಿದ್ದೆ, ಮಗುವಿಗೆ ಏನಾದರೂ ಆಗುತ್ತದಾ" ಅಂತ ತುಂಬಾ ಜನ ಕೇಳುತ್ತಾರೆ. ಲೆವೊನೊರ್ಜೆಸ್ಟ್ರೆಲ್ ಇರುವ ತುರ್ತು ಮಾತ್ರೆಯಿಂದಾಗಲಿ, ಮಾಮೂಲಿ ಗರ್ಭನಿರೋಧಕ ಮಾತ್ರೆಯಿಂದಾಗಲಿ ಅಂಗವಿಕಲತೆ ಬರುವುದಿಲ್ಲ. ಗೊತ್ತಾಗುವ ಮುಂಚೆ ಒಂದೆರಡು ಸಲ ಮದ್ಯ ಕುಡಿದಿದ್ದರೆ, ಹಲ್ಲಿನ ಎಕ್ಸ್‌ರೇ ತೆಗೆಸಿದ್ದರೆ ಅದೊಂದೇ ಕಾರಣಕ್ಕೆ ಗರ್ಭ ಬೇಡ ಅನ್ನುವ ತೀರ್ಮಾನಕ್ಕೆ ಬರಬೇಡಿ. ಡಾಕ್ಟರಿಗೆ ಹೇಳಿ, ಅಷ್ಟೆ.

5. ಡಾಕ್ಟರನ್ನು ನೋಡಿ

ಸ್ತ್ರೀರೋಗ ತಜ್ಞರೇ ಆದರೆ ಒಳ್ಳೆಯದು, ಸಿಗದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಶುರು ಮಾಡಬಹುದು. ಅಲ್ಲಿ ಬಿಪಿ, ತೂಕ ನೋಡುತ್ತಾರೆ, ಮೂತ್ರ ಪರೀಕ್ಷೆ ಮಾಡುತ್ತಾರೆ. ರಕ್ತದಲ್ಲಿ ಹಿಮೋಗ್ಲೋಬಿನ್, ಗುಂಪು, ಸಕ್ಕರೆ, ಥೈರಾಯ್ಡ್, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ನೋಡುವುದು ವಾಡಿಕೆ. ನಿಮ್ಮನ್ನು ಅನುಮಾನಿಸಿ ಮಾಡುವ ಪರೀಕ್ಷೆಗಳಲ್ಲ, ಎಲ್ಲರಿಗೂ ಮಾಡುತ್ತಾರೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮಗುವಿನದು ಪಾಸಿಟಿವ್ ಆದಾಗ ಮುಂದಿನ ಗರ್ಭಕ್ಕೆ ತೊಂದರೆ ಆಗದಂತೆ ಆಂಟಿ-ಡಿ ಎಂಬ ಇಂಜೆಕ್ಷನ್ ಬೇಕಾಗಬಹುದು. ಹೆರಿಗೆ ಆದರೂ, ಗರ್ಭಪಾತ ಆದರೂ ಇದನ್ನು ಕೇಳಲು ಮರೆಯಬೇಡಿ.

ತುಂಬಾ ಶುರುವಿನಲ್ಲಿ ಸ್ಕ್ಯಾನ್ ಅನ್ನು ಯೋನಿಯ ಮೂಲಕ ಮಾಡುತ್ತಾರೆ. ಬೆರಳಿಗಿಂತ ಸ್ವಲ್ಪ ದಪ್ಪದ ಕೋಲಿನಂಥ ಉಪಕರಣ, ನೋವಾಗುವುದಿಲ್ಲ, ಕಿರಿಕಿರಿ ಆಗಬಹುದು. ಬೇಡ ಅನಿಸಿದರೆ ಹೇಳಬಹುದು. ಗರ್ಭದ ಚೀಲ ಕಾಣುವುದು ಐದನೇ ವಾರದ ಹೊತ್ತಿಗೆ, ಹೃದಯದ ಮಿಡಿತ ಕಾಣುವುದು ಸುಮಾರು ಆರನೇ ವಾರಕ್ಕೆ. ಅವಸರಪಟ್ಟು ನಾಲ್ಕೂವರೆ ವಾರಕ್ಕೇ ಹೋಗಿ "ಏನೂ ಕಾಣುತ್ತಿಲ್ಲ" ಅನ್ನಿಸಿಕೊಂಡು ಅಳುತ್ತಾ ಬರುವವರು ಬೇಕಾದಷ್ಟು. ನೋವು, ರಕ್ತಸ್ರಾವ ಇಲ್ಲದಿದ್ದರೆ ಒಂದೆರಡು ವಾರ ಬಿಟ್ಟು ಮತ್ತೆ ನೋಡುತ್ತಾರೆ, ನಡುವೆ ರಕ್ತದಲ್ಲಿ ಎಚ್‌ಸಿಜಿ ಏರುತ್ತಿದೆಯಾ ಅಂತ ಎರಡು ದಿನದ ಅಂತರದಲ್ಲಿ ಪರೀಕ್ಷೆ ಮಾಡಬಹುದು.

ಜೊತೆಗೆ ಯಾರೇ ಬಂದಿರಲಿ, ಐದು ನಿಮಿಷ ಒಬ್ಬರೇ ಮಾತಾಡಬೇಕು ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು. ಹಿಂದಿನ ಗರ್ಭಪಾತ, ಮನೆಯಲ್ಲಿ ನಡೆಯುವ ಹೊಡೆತ, ಬೇರೆ ಸಂಬಂಧ, ಮಾತ್ರೆ ತಿಂದದ್ದು, ಇವೆಲ್ಲ ಅತ್ತೆಯ ಮುಂದೆಯೋ ಗಂಡನ ಮುಂದೆಯೋ ಬಾಯಿಗೆ ಬರುವುದಿಲ್ಲ, ಆದರೆ ಡಾಕ್ಟರಿಗೆ ಗೊತ್ತಿರಬೇಕು. "ಮದುವೆ ಆಗಿದೆಯಾ" ಅಂತ ಶುರು ಮಾಡಿ ಬುದ್ಧಿಮಾತಿಗೆ ಇಳಿದರೆ ಎದ್ದು ಬನ್ನಿ, ಬೇರೆ ಡಾಕ್ಟರನ್ನು ನೋಡಿ. ಎದ್ದು ಬರಲು ಆಗದ ಪರಿಸ್ಥಿತಿ ಇದ್ದರೆ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು, ವಾರದ ಲೆಕ್ಕ ಮತ್ತು ಸ್ಕ್ಯಾನ್ ರಿಪೋರ್ಟ್ ಕೈಗೆ ತೆಗೆದುಕೊಂಡು ಬನ್ನಿ. ರಿಪೋರ್ಟ್ ನಿಮ್ಮದು.

6. ದಾರಿಗಳು

ಮೂರು ಇವೆ. ಹೆತ್ತು ಸಾಕುವುದು, ಹೆತ್ತು ದತ್ತು ಕೊಡುವುದು, ಗರ್ಭಪಾತ ಮಾಡಿಸಿಕೊಳ್ಳುವುದು. ನಾಲ್ಕನೆಯದು ನಮ್ಮ ಕೈಯಲ್ಲಿಲ್ಲ: ಗೊತ್ತಾದ ಗರ್ಭಗಳಲ್ಲಿ 100ಕ್ಕೆ 10ರಿಂದ 20 ತಾವಾಗಿಯೇ ಇಳಿದುಹೋಗುತ್ತವೆ. ಮೊದಲ ಮೂರು ತಿಂಗಳಲ್ಲಿ ಹಾಗಾಗುವುದಕ್ಕೆ ಬಹಳಷ್ಟು ಸಲ ಕಾರಣ ವರ್ಣತಂತುಗಳ ದೋಷ. ಭಾರ ಎತ್ತಿದ್ದು, ಮೆಟ್ಟಿಲು ಹತ್ತಿದ್ದು, ಮನಸ್ಸಲ್ಲಿ "ಬೇಡ" ಅಂದುಕೊಂಡದ್ದು ಕಾರಣ ಅಲ್ಲ.

ಸಾಕುವುದಾದರೆ: ತಪಾಸಣೆ ಬೇಗ ಶುರುವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿದ್ದು ಹೆರಿಗೆಗೆ ಮುಂಚೆ ಕನಿಷ್ಠ ಎಂಟು ಸಲ ತೋರಿಸಬೇಕು, ಮೊದಲನೆಯದು 12 ವಾರದ ಒಳಗೆ ಅಂತ. 11ರಿಂದ 14 ವಾರದ ನಡುವಿನ ಸ್ಕ್ಯಾನ್, 18ರಿಂದ 22ರ ನಡುವೆ ಅಂಗಾಂಗಗಳನ್ನು ನೋಡುವ ಸ್ಕ್ಯಾನ್, 24ರಿಂದ 28ರ ನಡುವೆ ಸಕ್ಕರೆ ಪರೀಕ್ಷೆ, ಇವುಗಳ ದಿನಾಂಕ ಈಗಲೇ ಗುರುತು ಹಾಕಿಕೊಳ್ಳಿ. ವಾರ ದಾಟಿದರೆ ಕೆಲವನ್ನು ಆಮೇಲೆ ಮಾಡಲು ಬರುವುದಿಲ್ಲ. ಕೆಲಸಕ್ಕೆ ಹೋಗುವವರು ಹೆರಿಗೆ ರಜೆಯ ನಿಯಮವನ್ನು ಬಾಯಿಮಾತಲ್ಲಿ ಕೇಳಬೇಡಿ, ಬರೆದದ್ದನ್ನು ಓದಿ.

ದತ್ತು ಕೊಡುವುದಾದರೆ: ಸರ್ಕಾರದ ಮಾನ್ಯತೆ ಇರುವ ಸಂಸ್ಥೆಯ ಮೂಲಕವೇ ಹೋಗಿ. ಸಾಮಾನ್ಯವಾಗಿ ಹೆರಿಗೆಗೆ ಮುಂಚೆ ಕೊಟ್ಟ ಮಾತು ಕಾನೂನಿನಲ್ಲಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ, ಹೆರಿಗೆಯಾದ ಮೇಲೂ ಮನಸ್ಸು ಬದಲಾಯಿಸಲು ಇಷ್ಟು ದಿನ ಅಂತ ಎಷ್ಟೋ ಕಡೆ ಕೊಡುತ್ತಾರೆ. ಎಷ್ಟು ದಿನ ಅಂತ ಸಹಿ ಹಾಕುವ ಮುಂಚೆ ಕೇಳಿ. "ನನಗೆ ಗೊತ್ತಿರುವ ಒಳ್ಳೆ ದಂಪತಿ ಇದ್ದಾರೆ, ಆಸ್ಪತ್ರೆ ಖರ್ಚೆಲ್ಲ ಅವರೇ ನೋಡಿಕೊಳ್ಳುತ್ತಾರೆ" ಅನ್ನುವ ಮಧ್ಯವರ್ತಿಗಳಿಂದ ದೂರ ಇರಿ. ದುಡ್ಡು ಕೈ ಬದಲಾದರೆ ಅದು ಮಗುವಿನ ಮಾರಾಟ ಆಗುತ್ತದೆ, ಕೇಸು ನಿಮ್ಮ ಮೇಲೂ ಬರುತ್ತದೆ. ಸಂಬಂಧಿಕರೇ ಸಾಕುತ್ತಾರೆ ಅಂದರೂ ಕಾಗದಪತ್ರ ಆಗಲೇಬೇಕು, ಇಲ್ಲದಿದ್ದರೆ ನಾಳೆ ಶಾಲೆಗೆ, ಆಸ್ತಿಗೆ, ಆಸ್ಪತ್ರೆಯ ಸಹಿಗೆ ಮಗು ಪರದಾಡಬೇಕಾಗುತ್ತದೆ. ಒಂಬತ್ತು ತಿಂಗಳ ತಪಾಸಣೆ ಈ ದಾರಿಯಲ್ಲೂ ಅಷ್ಟೇ ಬೇಕು.

ಗರ್ಭಪಾತ ಮಾಡಿಸುವುದಾದರೆ: ಮೊದಲು ನೀವಿರುವ ಕಡೆಯ ಕಾನೂನು ತಿಳಿದುಕೊಳ್ಳಿ. ಎಷ್ಟು ವಾರದವರೆಗೆ ಅವಕಾಶ, ಯಾವ ಕಾರಣಕ್ಕೆ, ಯಾರ ಒಪ್ಪಿಗೆ ಬೇಕು, ಎಷ್ಟು ಡಾಕ್ಟರು ಸಹಿ ಮಾಡಬೇಕು ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ನೆರೆಯವರು ಹೇಳಿದ್ದು, ಸಿನಿಮಾದಲ್ಲಿ ನೋಡಿದ್ದು ಲೆಕ್ಕಕ್ಕಿಲ್ಲ. "ಗಂಡನ ಸಹಿ ಬೇಕೇ ಬೇಕು" ಅಂತ ಯಾರಾದರೂ ಹೇಳಿದರೆ ಅದು ಕಾನೂನಾ, ಆ ಆಸ್ಪತ್ರೆಯ ರೂಢಿಯಾ ಅಂತ ಕೇಳಿ. ಎರಡೂ ಒಂದೇ ಅಲ್ಲ.

ವಿಧಾನ ಮುಖ್ಯವಾಗಿ ಎರಡು. ಒಂದು ಮಾತ್ರೆಗಳು. ಮೊದಲು ಮಿಫೆಪ್ರಿಸ್ಟೋನ್, ಇದು ಗರ್ಭ ಉಳಿಯಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ತಡೆಯುತ್ತದೆ. ಒಂದೆರಡು ದಿನ ಬಿಟ್ಟು ಮಿಸೊಪ್ರೊಸ್ಟಾಲ್, ಇದು ಗರ್ಭಕೋಶವನ್ನು ಹಿಂಡಿ ಒಳಗಿರುವುದನ್ನು ಹೊರಹಾಕುತ್ತದೆ. ಮೊದಲ ವಾರಗಳಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಜನರಲ್ಲಿ ಇಷ್ಟರಲ್ಲೇ ಮುಗಿಯುತ್ತದೆ. ಎರಡನೆಯದು ಹೀರಿ ತೆಗೆಯುವ ವಿಧಾನ: ಸಣ್ಣ ಕೊಳವೆಯಿಂದ ಕೆಲವೇ ನಿಮಿಷದಲ್ಲಿ ಆಗುತ್ತದೆ, 14 ವಾರದ ಒಳಗೆ ಮಾಡಬಹುದು, ಅದೇ ದಿನ ಮನೆಗೆ ಬರಬಹುದು. ಚೂಪು ಉಪಕರಣದಿಂದ ಕೆರೆದು ತೆಗೆಯುವ ಹಳೆಯ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆ ಬೇಡ ಅನ್ನುತ್ತದೆ. ಯಾವ ವಿಧಾನ ಅಂತ ಕೇಳಲು ನಾಚಿಕೆ ಬೇಡ. ಮೂರು ತಿಂಗಳು ದಾಟಿದ ಮೇಲೆ ಎಲ್ಲವೂ ಆಸ್ಪತ್ರೆಯ ಒಳಗೇ ಆಗಬೇಕು.

ಮಾತ್ರೆಯ ವಿಷಯದಲ್ಲಿ ಆಗುವ ಎಡವಟ್ಟುಗಳೇ ಜಾಸ್ತಿ. ವಾರ ಗೊತ್ತಿಲ್ಲದೆ, ಯಾರೋ ತಂದುಕೊಟ್ಟ ಪೊಟ್ಟಣ ನುಂಗುವುದು ಮೊದಲನೆಯದು. ಪ್ರಮಾಣ ತಪ್ಪಿರಬಹುದು, ಮಾತ್ರೆ ನಕಲಿ ಇರಬಹುದು. ಎಕ್ಟೋಪಿಕ್ ಇದ್ದರೆ ಈ ಮಾತ್ರೆಗಳಿಂದ ಅದು ಹೋಗುವುದೇ ಇಲ್ಲ, ರಕ್ತ ಹೋಯಿತಲ್ಲ ಮುಗಿಯಿತು ಅಂತ ನೀವು ನೆಮ್ಮದಿಯಾಗಿರುವಾಗ ಒಳಗೆ ನಾಳ ಒಡೆಯಬಹುದು. ಕಾಪರ್-ಟಿ ಒಳಗೇ ಇರುವವರು, ರಕ್ತ ಹೆಪ್ಪುಗಟ್ಟದ ತೊಂದರೆ ಇರುವವರು, ಬಹಳ ಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರು ಕೇಳದೆ ಮುಟ್ಟಲೇಬಾರದು.

ಎರಡನೆಯ ಮಾತ್ರೆಯ ನಂತರ ಮುಟ್ಟಿಗಿಂತ ಜೋರು ನೋವು, ಗೆಡ್ಡೆಗೆಡ್ಡೆಯಾಗಿ ರಕ್ತ ಹೋಗುವುದು ಸಹಜ. ಕೆಲವು ಗಂಟೆ ಜೋರಾಗಿದ್ದು ಆಮೇಲೆ ಇಳಿಯುತ್ತದೆ, ಒಂದೆರಡು ವಾರ ಸ್ವಲ್ಪ ಸ್ವಲ್ಪ ಹೋಗುತ್ತಿರುತ್ತದೆ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆಯುವುದು ಸತತ ಎರಡು ಗಂಟೆ ನಡೆದರೆ, ಒಂದು ದಿನ ಕಳೆದರೂ ಜ್ವರ ಬಿಡದಿದ್ದರೆ, ಕೆಟ್ಟ ವಾಸನೆಯ ಸ್ರಾವ ಬಂದರೆ ಆಸ್ಪತ್ರೆಗೆ ಹೋಗಿ. ಇನ್ನು ಏನೂ ರಕ್ತ ಹೋಗದಿದ್ದರೆ ಅದೂ ಒಳ್ಳೆಯ ಸುದ್ದಿ ಅಲ್ಲ, ತೋರಿಸಿ. ಗರ್ಭ ಇಳಿಯದೆ ಮುಂದುವರಿದರೆ ಮಿಸೊಪ್ರೊಸ್ಟಾಲ್‌ನಿಂದ ಮಗುವಿಗೆ ಅಂಗದೋಷ ಬರುವ ಸಾಧ್ಯತೆ ಇದೆ, ಹಾಗಾಗಿ ಮುಗಿದಿದೆಯಾ ಅಂತ ನೋಡಿಸಿಕೊಳ್ಳುವ ಭೇಟಿಯನ್ನು ತಪ್ಪಿಸಬೇಡಿ. ಮನೆಯ ಕಿಟ್ ಮೂರು ನಾಲ್ಕು ವಾರ ಪಾಸಿಟಿವ್ ಅಂತಲೇ ತೋರಿಸಬಹುದು. ಒಂದೇ ವಾರಕ್ಕೆ ಟೆಸ್ಟ್ ಮಾಡಿ ಹೆದರಬೇಡಿ.

ಕಷಾಯ, ಬೇರು, ಕಡ್ಡಿ ಹಾಕುವುದು, ಹೊಟ್ಟೆ ಒತ್ತುವುದು ಯಾವುದನ್ನೂ ಮಾಡಬೇಡಿ, ಮಾಡುವವರ ಹತ್ತಿರ ಹೋಗಬೇಡಿ. ಸೋಂಕಾಗಿ ಸಾಯುವುದು ಹೀಗೇ. ಸರಿಯಾಗಿ ಮಾಡಿಸಿದ ಗರ್ಭಪಾತದಿಂದ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಎಷ್ಟು ಸುಳ್ಳು ಅಂದರೆ ಎರಡು ವಾರದ ಒಳಗೇ ಮತ್ತೆ ಗರ್ಭ ನಿಲ್ಲಬಹುದು, ಬೇಡ ಅಂದರೆ ಗರ್ಭನಿರೋಧಕದ ವಿಷಯ ಅದೇ ಭೇಟಿಯಲ್ಲಿ ಮಾತಾಡಿ.

7. ತೀರ್ಮಾನಕ್ಕೆ ಬರುವುದು

ಮೊದಲು ಯಾರಿಗೆ ಹೇಳಬೇಕು ಅಂತ ಯೋಚಿಸಿ. ನಿಮ್ಮ ಮಾತು ಕೇಳಿಸಿಕೊಂಡು ಸುಮ್ಮನಿರಬಲ್ಲ ಒಬ್ಬರು ಸಾಕು. ಎಲ್ಲರಿಗೂ ಹೇಳಿದರೆ ಎಲ್ಲರ ಅಭಿಪ್ರಾಯವೂ ಮನೆಗೆ ಬಂದು ಕೂರುತ್ತದೆ, ಕಳಿಸುವುದು ಕಷ್ಟ.

ಮೂರೂ ದಾರಿಯನ್ನು ಹಾಳೆಯ ಮೇಲೆ ಬರೆದು, ಒಂದೊಂದರ ಕೆಳಗೆ ಒಂದು ವರ್ಷದ ನಂತರದ ಒಂದು ಮಾಮೂಲಿ ಸೋಮವಾರ ಹೇಗಿರುತ್ತದೆ ಅಂತ ಬರೆಯಿರಿ: ಬೆಳಗ್ಗೆ ಯಾರು ಏಳುತ್ತಾರೆ, ದುಡ್ಡು ಎಲ್ಲಿಂದ ಬರುತ್ತದೆ, ಮನೆಯಲ್ಲಿ ಯಾರಿರುತ್ತಾರೆ. "ನಾನು ಒಳ್ಳೆಯವಳಾ" ಅನ್ನುವ ಪ್ರಶ್ನೆಗಿಂತ ಇದಕ್ಕೆ ಉತ್ತರ ಬೇಗ ಸಿಗುತ್ತದೆ. ಬೆಳಗ್ಗೆ ಬೇಕು, ಸಂಜೆ ಬೇಡ ಅನಿಸುವುದು ತೀರಾ ಸಾಮಾನ್ಯ. ಖುಷಿ ಆಗದಿದ್ದರೆ ಕೆಟ್ಟ ತಾಯಿ ಆಗುತ್ತೀರಿ ಅಂತಿಲ್ಲ, ಅಳು ಬಂದರೆ ತೀರ್ಮಾನ ತಪ್ಪು ಅಂತಲೂ ಅಲ್ಲ.

ಒತ್ತಡ ಎರಡೂ ಕಡೆಯಿಂದ ಬರುತ್ತದೆ. "ತೆಗೆಸು" ಅಂತ ಬಲವಂತ ಮಾಡುವವರಿರುವ ಹಾಗೇ "ಇಟ್ಟುಕೊ" ಅಂತ ಫೋನ್ ಕಿತ್ತಿಟ್ಟು ಕೂಡಿಹಾಕುವವರೂ ಇದ್ದಾರೆ. ಡಾಕ್ಟರ ಎದುರು ಒಬ್ಬರೇ ಇರುವ ಆ ಐದು ನಿಮಿಷ ಉಪಯೋಗಕ್ಕೆ ಬರುವುದು ಇಂಥ ಹೊತ್ತಲ್ಲೇ. ಇದರ ಹಿಂದೆ ಬಲಾತ್ಕಾರ ಇದ್ದರೆ, ಅಥವಾ ನಿಮಗಿನ್ನೂ 18 ತುಂಬಿಲ್ಲದಿದ್ದರೆ, ಕಾನೂನಿನಲ್ಲಿ ನಿಮಗೆ ಬೇರೆಯೇ ರಕ್ಷಣೆ ಇರಬಹುದು, ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕಾದ ನಿಯಮವೂ ಇರಬಹುದು. ಎರಡನ್ನೂ ಮೊದಲೇ ಕೇಳಿ ತಿಳಿದುಕೊಳ್ಳಿ. ಆ ಭಯಕ್ಕೆ ಚಿಕಿತ್ಸೆಯನ್ನೇ ತಪ್ಪಿಸಬೇಡಿ.

ಆಪ್ತ ಸಲಹೆಗೆ ಹೋದರೆ ಒಂದು ಪರೀಕ್ಷೆ ಮಾಡಿ: ಮೂರೂ ದಾರಿಯ ಬಗ್ಗೆ ಕೇಳಿ. ಒಳ್ಳೆಯ ಸಲಹೆಗಾರರು ಮೂರಕ್ಕೂ ನೇರ ಉತ್ತರ ಕೊಡುತ್ತಾರೆ. ಒಂದರ ಬಗ್ಗೆ ಮಾತ್ರ ಹೆದರಿಸಿ, "ಅವಸರ ಏನಿದೆ, ಮುಂದಿನ ವಾರ ಬನ್ನಿ, ಅದರ ಮುಂದಿನ ವಾರ ಬನ್ನಿ" ಅಂತ ತಳ್ಳುತ್ತಿದ್ದರೆ ಅವರು ನಿಮ್ಮ ವಾರಗಳನ್ನು ತಿನ್ನುತ್ತಿದ್ದಾರೆ ಅಂತ ಅರ್ಥ.

ತೀರ್ಮಾನಕ್ಕೆ ನೀವೇ ಒಂದು ದಿನಾಂಕ ಇಟ್ಟುಕೊಳ್ಳಿ, ಕಾನೂನಿನ ಗಡುವಿಗಿಂತ ಸಾಕಷ್ಟು ಮುಂಚೆ, ಸಾಧ್ಯವಾದರೆ ಹತ್ತನೇ ವಾರದ ಒಳಗೆ. ಸ್ಕ್ಯಾನ್, ರಿಪೋರ್ಟ್, ಡಾಕ್ಟರು ರಜೆ ಅಂತ ಒಂದೆರಡು ವಾರ ಹೇಗೂ ಕಳೆದುಹೋಗುತ್ತದೆ. ಇನ್ನೂ ಡೋಲಾಯಮಾನ ಇದ್ದರೆ 12 ವಾರದ ಒಳಗಿನ ಮೊದಲ ತಪಾಸಣೆಗೂ, ಗರ್ಭಪಾತದ ಬಗ್ಗೆ ಮಾತಾಡುವ ಭೇಟಿಗೂ ಎರಡಕ್ಕೂ ಈಗಲೇ ಸಮಯ ಬರೆಸಿಟ್ಟುಕೊಳ್ಳಿ. ಬೇಡವಾದದ್ದನ್ನು ಆಮೇಲೆ ಒಂದು ಫೋನ್ ಮಾಡಿ ರದ್ದು ಮಾಡಬಹುದು.